ಉಷ್ಣತೆ ಮೂರು ಪರ್ಸೆಂಟ್ ಏರಿದರೆ ಕ್ರಿಯೆ ದುಪ್ಪಟ್ಟಾಗುವುದು ಹೇಗೆ?

ಪ್ರಶ್ನೆ: ನಾವು ಸೇಡಂನವರು. ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ನಾನು ಬಿ.ಕಾಂ. ಓದಿದವಳು, ಲೆಕ್ಕ ಬರುತ್ತೆ, ಕೆಮಿಸ್ಟ್ರಿ ಬರಲ್ಲ. ಅವಳ ಪುಸ್ತಕದಲ್ಲಿ ‘ಉಷ್ಣತೆ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ’ ಅಂತಿದೆ. ಅದೇ ಪುಸ್ತಕ ಉಷ್ಣತೆಯನ್ನು ಕೆಲ್ವಿನ್‌ನಲ್ಲೇ ಲೆಕ್ಕ ಹಾಕಬೇಕು ಅನ್ನುತ್ತೆ. 300 ಇದ್ದದ್ದು 310 ಆದರೆ ಏರಿದ್ದು ಮೂರು ಪರ್ಸೆಂಟ್ ಚಿಲ್ಲರೆ. ಮೂರು ಹಾಕಿ ನೂರು ತೆಗೆಯುವುದು ಯಾವ ವ್ಯಾಪಾರ? ಮಗಳನ್ನು ಕೇಳಿದರೆ ‘ಹಂಗೇ ಬಾಯಿಪಾಠ ಮಾಡು ಅಂದಾರ’ ಅನ್ನುತ್ತಾಳೆ. ಇನ್ನೊಂದು, ಸಮೀಕರಣದಲ್ಲಿ ವಸ್ತುವಿನ ಮುಂದೆ 2 ಇದ್ದರೂ ‘ಆರ್ಡರ್’ 1 ಅಂತ ಬರೆಯುತ್ತಾರಲ್ಲ, ಅದೇಕೆ? ಕೊನೆಗೆ, ಮೇ ತಿಂಗಳಲ್ಲಿ ಬೆಳಿಗ್ಗೆ ಕಾಯಿಸಿಟ್ಟ ಹಾಲು ಮಧ್ಯಾಹ್ನಕ್ಕೆ ಒಡೆಯುವುದಕ್ಕೂ ಇದೇ ಲೆಕ್ಕವಾ?

ಉತ್ತರ: ತಾಯಿ, ಮೊದಲು ನಿಮಗೊಂದು ಶಹಬ್ಬಾಸ್. ಕಲಬುರಗಿಯಲ್ಲಿ ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಹೇಳಿದ್ದೇನೆ. ಈ ಮೂರು ಪರ್ಸೆಂಟಿನ ಪ್ರಶ್ನೆ ಕೇಳಿದ ಹುಡುಗರು ಒಂದು ಕೈಯ ಬೆರಳಿನಷ್ಟೂ ಇಲ್ಲ. ಲಾಭ-ನಷ್ಟದ ಲೆಕ್ಕ ಬಲ್ಲವರಿಗೇ ಇದು ಕಣ್ಣಿಗೆ ಬೀಳುತ್ತೆ ನೋಡಿ.

ಚಿಕ್ಕದಾಗಿ ಹೇಳುವುದಾದರೆ, ಬಿಸಿ ಏರಿದಾಗ ಎಲ್ಲ ಅಣುಗಳೂ ಎರಡು ಪಟ್ಟು ಕೆಲಸ ಮಾಡುವುದಿಲ್ಲ. ಕೆಲಸ ಮಾಡುವ ಅಣುಗಳೇ ಮೊದಲಿಂದ ಬಹಳ ಕಡಿಮೆ. ಆ ಕಡಿಮೆ ಇರುವ ಗುಂಪು ದುಪ್ಪಟ್ಟಾಗುತ್ತದೆ. ಅದನ್ನೇ ಈಗ ಬಿಡಿಸಿ ಹೇಳುತ್ತೇನೆ.

ನಿಮ್ಮ ಕಡೆ ಜೋಳದ ರಾಶಿ ಮುಗಿದ ಮೇಲೆ ಕಣಕಿ ಬಣವಿ ಒಟ್ಟಿರುತ್ತಾರಲ್ಲ, ಅಲ್ಲಿಂದ ಶುರು ಮಾಡೋಣ. ಏಪ್ರಿಲ್-ಮೇನಲ್ಲಿ 44 ಡಿಗ್ರಿ ಬಿಸಿಲು. ಕಣಕಿ ಒಣಗಿ ಚುರುಚುರು ಅನ್ನುತ್ತಿರುತ್ತೆ. ಸುತ್ತಲೂ ಬೇಕಾದಷ್ಟು ಆಕ್ಸಿಜನ್. ಕಣಕಿ ಮತ್ತು ಆಕ್ಸಿಜನ್ ಸೇರಿದರೆ ಕಾರ್ಬನ್ ಡೈಆಕ್ಸೈಡ್, ನೀರು, ಜೊತೆಗೆ ಸಾಕಷ್ಟು ಶಾಖ. ಇಳಿಜಾರಿನಲ್ಲಿ ಚಕ್ಕಡಿ ಬಿಟ್ಟ ಹಾಗೆ, ತಾನಾಗಿ ನಡೆಯಬೇಕಾದ ಕ್ರಿಯೆ ಅದು. ಆದರೂ ಬಣವಿ ತಿಂಗಳುಗಟ್ಟಲೆ ನಿಂತೇ ಇರುತ್ತೆ. ಯಾರೋ ಒಬ್ಬ ಬೀಡಿ ಸೇದಿ ತುಂಡು ಎಸೆದ ಅನ್ನಿ, ಊರಿನವರು ಕೊಡ ಹಿಡಿದು ಬರುವಷ್ಟರಲ್ಲಿ ಬೂದಿ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಈ ಕ್ರಿಯೆ ಆಗಬಹುದಾ ಅನ್ನುವುದು ಒಂದು. ಆಗುವುದಾದರೆ ಎಷ್ಟು ಹೊತ್ತಿಗೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಥರ್ಮೋಡೈನಮಿಕ್ಸ್, ಅಂದರೆ ಶಾಖ-ಶಕ್ತಿಗಳ ಲೆಕ್ಕದ ಶಾಸ್ತ್ರ, ಕೊಡುತ್ತೆ. ಎರಡನೆಯದಕ್ಕೆ ಅದು ಬಾಯಿ ಬಿಡುವುದಿಲ್ಲ. ‘ಕೆಮಿಕಲ್ ಕೈನೆಟಿಕ್ಸ್’, ಅಂದರೆ ರಾಸಾಯನಿಕ ಕ್ರಿಯೆಗಳ ವೇಗದ ಶಾಸ್ತ್ರ, ಈ ಎರಡನೆಯ ಪ್ರಶ್ನೆಯ ಮೇಲೆಯೇ ನಿಂತಿದೆ.

ಬೀಡಿಯ ಕಿಡಿ ಮಾಡಿದ್ದೇನು? ಕಣಕಿಗೆ ಹೊಸ ಗುಣ ಏನೂ ಕೊಡಲಿಲ್ಲ. ಒಂದು ದಿಬ್ಬ ಹತ್ತಿಸಿತು, ಅಷ್ಟೆ. ಎರಡು ಅಣುಗಳು ಸೇರಿ ಹೊಸದಾಗಬೇಕಾದರೆ ಹಳೆಯ ಬಂಧಗಳು ಸಡಿಲವಾಗಬೇಕು. ಅದಕ್ಕೆ ಮೊದಲು ಖರ್ಚಿದೆ. ಆಮೇಲೆ ಎಷ್ಟೇ ಲಾಭ ಬರಲಿ, ಬಂಡವಾಳ ಮುಂಚೆ ಹಾಕಲೇಬೇಕು. ಈ ಬಂಡವಾಳಕ್ಕೆ ‘ಆಕ್ಟಿವೇಶನ್ ಎನರ್ಜಿ’ ಅಂತ ಹೆಸರು. ಕನ್ನಡದಲ್ಲಿ ಸಕ್ರಿಯಣ ಶಕ್ತಿ ಅನ್ನುತ್ತಾರೆ. ನಾನು ದಿಬ್ಬ ಅಂತಲೇ ಕರೆಯುತ್ತೇನೆ, ನಾಲಿಗೆಗೆ ಸುಲಭ. ಒಂದು ಕಡ್ಡಿ ಹೊತ್ತಿದ ಮೇಲೆ ಅದರ ಲಾಭದ ಶಾಖವೇ ಪಕ್ಕದ ಕಡ್ಡಿಗೆ ಬಂಡವಾಳ ಆಗುತ್ತೆ. ಅದಕ್ಕೇ ಒಂದು ಕಿಡಿ ಇಡೀ ಬಣವಿಗೆ ಸಾಕು.

ಈಗ ನಿಮ್ಮ ಮೂರು ಪರ್ಸೆಂಟಿಗೆ ಬರೋಣ. 27 ಡಿಗ್ರಿ ಸೆಲ್ಸಿಯಸ್ ಅಂದರೆ 300 ಕೆಲ್ವಿನ್. 37 ಅಂದರೆ 310. ಅಣುಗಳ ವೇಗ ಉಷ್ಣತೆಯ ವರ್ಗಮೂಲದ ಜೊತೆ ಏರುತ್ತೆ. ಹಾಗಾಗಿ ಅವುಗಳ ಓಟ ಹೆಚ್ಚುವುದು ಮೂರು ಪರ್ಸೆಂಟೂ ಅಲ್ಲ, ಒಂದೂವರೆ ಪರ್ಸೆಂಟಿಗೆ ಸ್ವಲ್ಪ ಮೇಲೆ. ‘ಬಿಸಿ ಮಾಡಿದರೆ ಅಣುಗಳು ಜೋರಾಗಿ ಓಡುತ್ತವೆ, ಜಾಸ್ತಿ ಡಿಕ್ಕಿ ಹೊಡೆಯುತ್ತವೆ, ಅದಕ್ಕೆ ವೇಗ ಹೆಚ್ಚುತ್ತೆ’ ಅಂತ ಪರೀಕ್ಷೆಯಲ್ಲಿ ಬರೆಯುತ್ತಾರಲ್ಲ, ಅದು ಸುಳ್ಳಲ್ಲ. ಆದರೆ ಅದರಿಂದ ಬರುವ ಲಾಭ ಚಿಲ್ಲರೆ ಕಾಸು. ಆ ಉತ್ತರಕ್ಕೆ ಪೂರ್ತಿ ಮಾರ್ಕ್ಸ್ ಕೊಡುವಾಗಲೆಲ್ಲ ನನಗೆ ಕೈ ಹಿಂಜರಿಯುತ್ತಿತ್ತು.

ಡಿಕ್ಕಿಗಳಿಗೆ ಬರವಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಇನ್ನೊಂದಕ್ಕೆ ಬಡಿಯುತ್ತೆ. ಪ್ರತಿ ಡಿಕ್ಕಿಗೂ ಕ್ರಿಯೆ ಆಗುವುದಿದ್ದರೆ ಜಗತ್ತಿನಲ್ಲಿ ಒಂದು ಬಣವಿಯೂ ಉಳಿಯುತ್ತಿರಲಿಲ್ಲ. ಬಹುತೇಕ ಎಲ್ಲ ಡಿಕ್ಕಿಗಳೂ ಸುಮ್ನೆ ಹೋಗುತ್ತವೆ. ಬಡಿದವು, ಹಿಂದೆ ಸರಿದವು, ಮುಗೀತು. ದಿಬ್ಬ ಹತ್ತುವಷ್ಟು ಶಕ್ತಿ ಇದ್ದ ಡಿಕ್ಕಿ ಮಾತ್ರ ಲೆಕ್ಕಕ್ಕೆ ಬರುತ್ತೆ. ಅದರಲ್ಲೂ ಅಣುಗಳ ಸರಿಯಾದ ಮುಖ ಎದುರಾಗಿರಬೇಕು.

ದಿಬ್ಬದ ಎತ್ತರ ಮೋಲ್‌ಗೆ (ಡಜನ್ ಇದ್ದ ಹಾಗೆ, ಅಣುಗಳನ್ನು ಎಣಿಸುವ ದೊಡ್ಡ ಕಟ್ಟು ಅದು) 53.6 ಕಿಲೋಜೂಲ್ ಅಂತ ಇಟ್ಟುಕೊಳ್ಳಿ. ಇದೇ ಸಂಖ್ಯೆ ಏಕೆ ಅಂತ ಆಮೇಲೆ ಹೇಳುತ್ತೇನೆ. 300 ಕೆಲ್ವಿನ್‌ನಲ್ಲಿ ಇಷ್ಟು ಶಕ್ತಿ ಇರುವ ಡಿಕ್ಕಿ ಸುಮಾರು 215 ಕೋಟಿಗೆ ಒಂದು. 310ಕ್ಕೆ ಏರಿಸಿ. ಈಗ ಸುಮಾರು 107 ಕೋಟಿಗೆ ಒಂದು. ದುಪ್ಪಟ್ಟಾದದ್ದು ಇದು. ಉಳಿದ ಕೋಟಿಗಟ್ಟಲೆ ಡಿಕ್ಕಿಗಳು ಮೊದಲಿನಂತೆಯೇ ದಂಡ.

ಇನ್ನೂ ಗಂಟಲಲ್ಲಿ ಇಳಿಯದಿದ್ದರೆ ಮಗಳ ಕಾಲೇಜನ್ನೇ ತೆಗೆದುಕೊಳ್ಳಿ. ಸರಾಸರಿ 60 ಅಂಕ ತೆಗೆಯುವ ದೊಡ್ಡ ಕಾಲೇಜು. ಈ ವರ್ಷ ಪಾಠ ಸ್ವಲ್ಪ ಚೆನ್ನಾಗಿ ನಡೆದು ಎಲ್ಲರಿಗೂ ಎರಡು-ಮೂರು ಅಂಕ ಜಾಸ್ತಿ ಬಂತು. ಪಾಸಿನ ಗೆರೆ ದಾಟಿದವರ ಸಂಖ್ಯೆಯಲ್ಲಿ ಏನಾದರೂ ದೊಡ್ಡ ವ್ಯತ್ಯಾಸ ಕಾಣುತ್ತಾ? ಇಲ್ಲ, ಹೆಚ್ಚಿನವರು ಮೊದಲೇ ಪಾಸಿದ್ದರು. ಆದರೆ 95ರ ಮೇಲೆ ಬಂದವರನ್ನು ಎಣಿಸಿ. ಹೋದ ವರ್ಷ ಇಬ್ಬರು ಇದ್ದಲ್ಲಿ ಈ ವರ್ಷ ಮೂರೋ ನಾಲ್ಕೋ ಜನ ಇರುತ್ತಾರೆ. ಗೆರೆ ದೂರ ಇದ್ದಷ್ಟೂ ಚಿಕ್ಕ ಏರಿಕೆಗೆ ದೊಡ್ಡ ಪರಿಣಾಮ. ಕೊನೆಯಲ್ಲಿ, ಬೆರಳೆಣಿಕೆಯಷ್ಟೇ ಇರುವ ಕಡೆ, ಒಂದು ಬೊಗಸೆ ಬಿದ್ದರೂ ದುಪ್ಪಟ್ಟಾಗಿ ಕಾಣುತ್ತೆ. ನೀವು ಕೇಳಿದ ವ್ಯಾಪಾರ ಇದೇ ನೋಡಿ.

ಇದನ್ನು ಲೆಕ್ಕಕ್ಕೆ ಇಳಿಸಿದವರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್, 1889ರಲ್ಲಿ. ದಿಬ್ಬದ ಎತ್ತರವನ್ನು ಜೂಲ್‌ನಲ್ಲಿ ಬರೆದು, 8.314 (ಅನಿಲ ಸ್ಥಿರಾಂಕ ಎಂಬ ನಿಗದಿಯಾದ ಸಂಖ್ಯೆ) ಮತ್ತು ಕೆಲ್ವಿನ್ ಉಷ್ಣತೆಯ ಗುಣಲಬ್ಧದಿಂದ ಭಾಗಿಸಿ, ಮೈನಸ್ ಹಾಕಿ, ಬಂದದ್ದನ್ನು ‘ಇ’ (ಸುಮಾರು 2.718) ಎಂಬ ಸಂಖ್ಯೆಗೆ ಘಾತವಾಗಿ ಹಾಕಿದರೆ ದಿಬ್ಬ ದಾಟುವವರ ಪಾಲು ಸಿಗುತ್ತೆ. ಉಷ್ಣತೆ ಘಾತದಲ್ಲಿ ಕೂತಿದೆ. ಅದಕ್ಕೇ ಮೂರು ಪರ್ಸೆಂಟ್ ಏರಿಕೆಗೆ ಇಷ್ಟು ರೆಕ್ಕೆ. ಚಕ್ರಬಡ್ಡಿ ಗೊತ್ತಿರುವ ನಿಮಗೆ ಘಾತದ ಮಹಿಮೆ ನಾನು ಹೇಳಬೇಕಿಲ್ಲ.

ಈಗ 53.6 ಎಲ್ಲಿಂದ ಬಂತು ಅಂದರೆ, 300ರಿಂದ 310ಕ್ಕೆ ಹೋದಾಗ ಸರಿಯಾಗಿ ಎರಡು ಪಟ್ಟಾಗಬೇಕಾದರೆ ದಿಬ್ಬ ಅಷ್ಟೇ ಎತ್ತರ ಇರಬೇಕು. ದಿಬ್ಬ 20 ಕಿಲೋಜೂಲ್ ಇದ್ದರೆ ಅದೇ ಹತ್ತು ಡಿಗ್ರಿಗೆ 1.3 ಪಟ್ಟು ಮಾತ್ರ. 100 ಇದ್ದರೆ 3.6 ಪಟ್ಟು. ಅಂದರೆ ‘ಹತ್ತಕ್ಕೆ ದುಪ್ಪಟ್ಟು’ ಒಂದು ನಿಯಮವೇ ಅಲ್ಲ. ನಮ್ಮ ಸುತ್ತ, ಕೋಣೆಯ ಉಷ್ಣತೆಯಲ್ಲಿ, ನಿಮಿಷ-ಗಂಟೆಗಳಲ್ಲಿ ನಡೆಯುವ ಬಹಳಷ್ಟು ಕ್ರಿಯೆಗಳ ದಿಬ್ಬ 50ರ ಆಸುಪಾಸು ಇರುವುದರಿಂದ ಬಂದ ಅಂದಾಜು. ಅದನ್ನು ವಾಂಟ್ ಹಾಫ್ ಎಂಬ ಡಚ್ ವಿಜ್ಞಾನಿಯ ಹೆಸರಲ್ಲಿ ಹೇಳುವುದುಂಟು. ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್, 1901ರದ್ದು, ಅವರಿಗೇ ಸಂದಿದ್ದು.

ಒಂದು ತಮಾಷೆ ಹೇಳಲೇಬೇಕು. ಕ್ರಿಯೆಯ ವೇಗವನ್ನು ಅಂಕಿಗಳಲ್ಲಿ ಅಳೆದ ಮೊದಲಿಗ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ, 1850ರಲ್ಲಿ. ಅವರು ಅಳೆದದ್ದು ಸಕ್ಕರೆಯನ್ನು. ಆಸಿಡ್ ಹಾಕಿದ ನೀರಿನಲ್ಲಿ ಸಕ್ಕರೆ ಮೆಲ್ಲಗೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತೆ. ಆ ದ್ರಾವಣದ ಮೂಲಕ ಹಾಯುವ ಬೆಳಕಿನ ಕಂಪನದ ದಿಕ್ಕು ಎಷ್ಟು ತಿರುಗುತ್ತೆ ಅಂತ ನೋಡುತ್ತಾ ಕೂತರು. ಬಾಟಲಿ ಮುಟ್ಟಲಿಲ್ಲ, ಸುರಿಯಲಿಲ್ಲ, ಸುಮ್ನೆ ನೋಡುತ್ತಾ ಲೆಕ್ಕ ಬರೆದರು. ಆ ಕ್ರಿಯೆಯ ದಿಬ್ಬ 100 ಕಿಲೋಜೂಲ್ ದಾಟುತ್ತೆ. ಹತ್ತು ಡಿಗ್ರಿ ಏರಿದರೆ ವೇಗ ಸುಮಾರು ನಾಲ್ಕು ಪಟ್ಟು. ಮೊದಲು ಅಳೆದ ಕ್ರಿಯೆಗೇ ದುಪ್ಪಟ್ಟಿನ ಮಾತು ಹೊಂದುವುದಿಲ್ಲ!

ಅಫಜಲಪುರ, ಆಳಂದ, ಬೀದರ್ ಕಡೆ ಕಬ್ಬು ಬೆಳೆಯುವವರಿಗೆ ಇದರ ಸೋದರಸಂಬಂಧಿ ಗೊತ್ತು. ಕಡಿದ ಕಬ್ಬು ಫ್ಯಾಕ್ಟರಿ ಮುಂದೆ ಟ್ರ್ಯಾಕ್ಟರಿನಲ್ಲಿ ಬಿಸಿಲಿಗೆ ಬಿದ್ದಷ್ಟೂ ಒಳಗಿನ ಸಕ್ಕರೆ ಹೀಗೇ ಒಡೆಯುತ್ತಾ ಹೋಗುತ್ತೆ. ಅಲ್ಲಿ ಆಸಿಡ್ ಬದಲು ಕಬ್ಬಿನದೇ ಕಿಣ್ವ (ಎನ್‌ಜೈಮ್) ಆ ಕೆಲಸ ಮಾಡುತ್ತೆ. ಒಡೆದ ಸಕ್ಕರೆ ಹರಳು ಕಟ್ಟುವುದಿಲ್ಲ.

ಇನ್ನು ನಿಮ್ಮೂರಿನ ಸಿಮೆಂಟ್. ಸಿಮೆಂಟ್ ಫ್ಯಾಕ್ಟರಿಗಳ ಸೇಡಂನವರ ಮುಂದೆ ಸಿಮೆಂಟ್ ಬಗ್ಗೆ ಮಾತಾಡುವುದು ಧೈರ್ಯವೇ ಸರಿ. ಆದರೂ ಕೈನೆಟಿಕ್ಸ್ ಕಲಿಯಲು ಇದಕ್ಕಿಂತ ಛಲೋ ಪಾಠ ಇಲ್ಲ. ಸುಣ್ಣದ ಕಲ್ಲನ್ನೂ ಮಣ್ಣನ್ನೂ ಸುಮಾರು 1,450 ಡಿಗ್ರಿಗೆ ಸುಡುತ್ತಾರೆ, ಕ್ಲಿಂಕರ್ ಬರುತ್ತೆ. ಕ್ಲಿಂಕರ್ ಉಂಡೆಗೆ ನೀರು ಹಾಕಿದರೆ ಏನೂ ಆದಂತೆ ಕಾಣುವುದಿಲ್ಲ. ಅದನ್ನೇ ಹಿಟ್ಟಿನಂತೆ ಅರೆದು ನೀರು ಹಾಕಿದರೆ ಗಟ್ಟಿಯಾಗುತ್ತೆ. ವಸ್ತು ಅದೇ, ದಿಬ್ಬವೂ ಅದೇ. ಬದಲಾದದ್ದು ನೀರಿಗೆ ತಾಗುವ ಮೈ. ಘನವಸ್ತುವಿನಲ್ಲಿ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ ಮಾತ್ರ, ಒಳಗಿರುವುದು ಸರದಿ ಕಾಯಬೇಕು. ಶಹಾಬಾದ್ ಫರ್ಸಿಯ (ನೆಲಕ್ಕೆ ಹಾಸುವ ಸುಣ್ಣದ ಕಲ್ಲು) ಚೂರಿಗೆ ಲಿಂಬೆರಸ ಹಾಕಿ, ಮೆಲ್ಲಗೆ ಗುಳ್ಳೆ ಬರುತ್ತೆ. ಅದೇ ಕಲ್ಲು ಕೊರೆಯುವಾಗ ಬಿದ್ದ ಹುಡಿಗೆ ಹಾಕಿ, ಬುಸ್ ಅಂತ ಉಕ್ಕುತ್ತೆ.

ಕ್ಲಿಂಕರ್ ಅರೆಯುವಾಗ ಅದಕ್ಕೆ ಸ್ವಲ್ಪ ಜಿಪ್ಸಮ್ ಸೇರಿಸುತ್ತಾರೆ. ಯಾಕೆ ಗೊತ್ತಾ? ವೇಗ ಕಡಿಮೆ ಮಾಡಲು. ಕ್ಲಿಂಕರಿನಲ್ಲಿರುವ ಒಂದು ಅಲ್ಯೂಮಿನಿಯಂ ಸಂಯುಕ್ತ ನೀರು ಕಂಡ ತಕ್ಷಣ ಬಿಗಿಯುತ್ತೆ. ಜಿಪ್ಸಮ್ ಇಲ್ಲದಿದ್ದರೆ ಗೌಂಡಿ ಮಾಲು ಕಲಸಿ ಪುಟ್ಟಿಗೆ ತುಂಬುವಷ್ಟರಲ್ಲಿ ಪುಟ್ಟಿಯೇ ಕಲ್ಲು. ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ನೀರು ಹಾಕಿದ 30 ನಿಮಿಷದೊಳಗೆ ಬಿಗಿಯಲು ಶುರು ಮಾಡಬಾರದು, 600 ನಿಮಿಷದೊಳಗೆ ಪೂರ್ತಿ ಬಿಗಿದಿರಬೇಕು ಅಂತ ನಮ್ಮ ದೇಶದ ಮಾನದಂಡವೇ ಹೇಳುತ್ತೆ. ಕೈನೆಟಿಕ್ಸ್ ಅಂದರೆ ಬರೀ ವೇಗ ಹೆಚ್ಚಿಸುವುದಲ್ಲ, ಬೇಕಾದ ಹೊತ್ತಿಗೆ ಬೇಕಾದಷ್ಟು ವೇಗ ಸಿಗುವಂತೆ ಮಾಡುವುದು.

ಮೇ ತಿಂಗಳಲ್ಲಿ ಗೌಂಡಿ ‘ಮಾಲು ಜಲ್ದಿ ಬಿಗೀತದ್ರಿ’ ಅಂತ ಗೊಣಗುವುದನ್ನು ಕೇಳಿರುತ್ತೀರಿ. ಸಿಮೆಂಟ್-ನೀರಿನ ಕ್ರಿಯೆಗೆ ಎಂಜಿನಿಯರುಗಳು ಹಾಕುವ ದಿಬ್ಬ ಸುಮಾರು 40 ಕಿಲೋಜೂಲ್. ಹತ್ತು ಡಿಗ್ರಿಗೆ 1.7 ಪಟ್ಟು. ಜೊತೆಗೆ ಬಿಸಿಲಿಗೆ ನೀರೂ ಆರುತ್ತೆ. ಅದು ಬೇರೆ ಸಂಗತಿ, ಕಲಸಿಕೊಳ್ಳಬೇಡಿ. ನೀರು ಆರಿದರೆ ಕ್ರಿಯೆ ಬೇಗ ಆಗುವುದಿಲ್ಲ, ಅರ್ಧಕ್ಕೇ ನಿಲ್ಲುತ್ತೆ. ಅದಕ್ಕೇ ಬೇಸಿಗೆಯಲ್ಲಿ ಗೋಣಿತಾಟು ಹೊದಿಸಿ ಕ್ಯೂರಿಂಗ್ ಮಾಡುವುದು. ಗಡಿಬಿಡಿಯಲ್ಲಿ ಬಿಗಿದ ಕಾಂಕ್ರೀಟು ಮುಂದೆ ಅಷ್ಟು ಗಟ್ಟಿ ಬರುವುದಿಲ್ಲ ಅನ್ನುವುದೂ ನಿಜ.

ತೊಗರಿ ನಾಡಿನವರು ನಾವು, ಬೇಳೆಯನ್ನು ಬಿಟ್ಟರೆ ಹೇಗೆ? ತೆರೆದ ಪಾತ್ರೆಯಲ್ಲಿ ನೀರು ನೂರು ಡಿಗ್ರಿ ದಾಟುವುದಿಲ್ಲ. ಕುಕ್ಕರಿನಲ್ಲಿ ಒತ್ತಡ ಕೂತು ಸುಮಾರು 120ಕ್ಕೆ ಹೋಗುತ್ತೆ. ಇಪ್ಪತ್ತು ಡಿಗ್ರಿ ಜಾಸ್ತಿ. ದುಪ್ಪಟ್ಟಿನ ಅಂದಾಜು ಎರಡು ಸಲ ಹಾಕಿ, ನಾಲ್ಕು ಪಟ್ಟು. ಮುಕ್ಕಾಲು ಗಂಟೆಯ ಬೇಳೆ ಹನ್ನೊಂದು-ಹನ್ನೆರಡು ನಿಮಿಷಕ್ಕೆ. ನಿಮ್ಮ ಅಡುಗೆಮನೆಯ ಅನುಭವಕ್ಕೂ ಹೆಚ್ಚುಕಡಿಮೆ ಹೊಂದುತ್ತೆ, ಅಲ್ವಾ? ಉರಿ ಜೋರು ಮಾಡಿದರೆ ತೆರೆದ ಪಾತ್ರೆಯ ಬೇಳೆ ಬೇಗ ಬೇಯುವುದಿಲ್ಲ ಅನ್ನುವುದೂ ಇದರಿಂದಲೇ ತಿಳಿಯುತ್ತೆ. ಕುದಿಯುವ ನೀರಿನ ಉಷ್ಣತೆ ಏರುವುದಿಲ್ಲ, ಗ್ಯಾಸ್ ಮಾತ್ರ ಖಾಲಿ.

ಎರಡನೆಯ ಪ್ರಶ್ನೆ, ಆರ್ಡರ್. ಇಲ್ಲಿ ಹುಡುಗರು ಎಡವುವುದು ಜಾಸ್ತಿ.

ಸಾಂದ್ರತೆ (ಇಷ್ಟು ಜಾಗದಲ್ಲಿ ವಸ್ತು ಎಷ್ಟಿದೆ ಅನ್ನುವುದು) ಹೆಚ್ಚಿಸಿದರೆ ವೇಗ ಎಷ್ಟು ಹೆಚ್ಚುತ್ತೆ ಅನ್ನುವುದೇ ಆರ್ಡರ್. ಒಂದು ವಸ್ತುವನ್ನು ಎರಡು ಪಟ್ಟು ಮಾಡಿದಾಗ ವೇಗವೂ ಎರಡು ಪಟ್ಟಾದರೆ ಆ ವಸ್ತುವಿನ ಮಟ್ಟಿಗೆ ಆರ್ಡರ್ 1. ನಾಲ್ಕು ಪಟ್ಟಾದರೆ 2. ಏನೂ ಬದಲಾಗದಿದ್ದರೆ ಸೊನ್ನೆ. ಇದನ್ನು ಲ್ಯಾಬಿನಲ್ಲಿ ಅಳೆದೇ ತಿಳಿಯಬೇಕು. ಸಮೀಕರಣ ನೋಡಿ ಹೇಳಲಾಗದು. ಸಮೀಕರಣ ಬರೀ ಜಮಾ-ಖರ್ಚು: ಇಷ್ಟು ಒಳಗೆ ಹೋಯಿತು, ಇಷ್ಟು ಹೊರಗೆ ಬಂತು. ಒಳಗೆ ಕೆಲಸ ಯಾವ ಸರದಿಯಲ್ಲಿ ನಡೆಯಿತು ಅಂತ ವರ್ಷದ ಕೊನೆಯ ಬ್ಯಾಲೆನ್ಸ್ ಶೀಟ್ ಹೇಳುತ್ತಾ?

ಮೂರು ಜನ ಸೇರಿ ರೊಟ್ಟಿ ಮಾಡುತ್ತಿದ್ದಾರೆ ಅನ್ನಿ. ಒಬ್ಬರು ಹಿಟ್ಟು ನಾದುತ್ತಾರೆ, ಒಬ್ಬರು ಬಡಿಯುತ್ತಾರೆ, ಒಬ್ಬರು ಹಂಚಿನ ಮೇಲೆ ಬೇಯಿಸುತ್ತಾರೆ. ಬಡಿಯುವುದಕ್ಕೇ ಹೊತ್ತು ಹಿಡಿಯುತ್ತೆ. ಬೇಯಿಸುವವರು ಮುಂದಿನ ರೊಟ್ಟಿಗಾಗಿ ಕಾಯುತ್ತಾ ಕೂತಿರುತ್ತಾರೆ. ಈಗ ಇನ್ನೊಂದು ಒಲೆ ಹೂಡಿ, ಬೇಯಿಸುವವರು ಇಬ್ಬರಾಗಲಿ. ಗಂಟೆಗೆ ಒಂದು ರೊಟ್ಟಿಯಾದರೂ ಹೆಚ್ಚುತ್ತಾ? ಇಲ್ಲ. ಬಡಿಯುವವರು ಇನ್ನೊಬ್ಬರು ಬಂದರೆ ಮಾತ್ರ ಬುಟ್ಟಿ ಬೇಗ ತುಂಬುತ್ತೆ.

ನೈಟ್ರೋಜನ್ ಡೈಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸೇರಿ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುವ ಕ್ರಿಯೆ ಇದೆ. ಸಮೀಕರಣದಲ್ಲಿ ಎಲ್ಲವೂ ಒಂದೊಂದು. ಆದರೆ ಸುಮಾರು 225 ಡಿಗ್ರಿಗಿಂತ ಕೆಳಗೆ ಅಳೆದು ನೋಡಿದರೆ ನೈಟ್ರೋಜನ್ ಡೈಆಕ್ಸೈಡಿಗೆ ಆರ್ಡರ್ 2, ಕಾರ್ಬನ್ ಮಾನಾಕ್ಸೈಡಿಗೆ ಸೊನ್ನೆ. ಯಾಕೆ? ಮೊದಲು ಎರಡು ನೈಟ್ರೋಜನ್ ಡೈಆಕ್ಸೈಡ್ ಅಣುಗಳು ಒಂದಕ್ಕೊಂದು ಬಡಿದು ಆಕ್ಸಿಜನ್ ಕೈ ಬದಲಾಗುತ್ತೆ. ಇದು ನಿಧಾನದ ಹೆಜ್ಜೆ, ರೊಟ್ಟಿ ಬಡಿದ ಹಾಗೆ. ಆಮೇಲೆ ಕಾರ್ಬನ್ ಮಾನಾಕ್ಸೈಡ್ ಬಂದು ಆ ಹೆಚ್ಚಿನ ಆಕ್ಸಿಜನ್ನನ್ನು ಚಟ್ಟನೆ ಎತ್ತಿಕೊಂಡು ಹೋಗುತ್ತೆ. ಅದು ಹಂಚಿನ ಮುಂದೆ ಕಾಯುತ್ತಾ ಕೂತವರು. ಎಷ್ಟು ಜನ ಕೂತರೂ ಅಷ್ಟೆ. ಈ ನಿಧಾನದ ಹೆಜ್ಜೆಗೆ ‘ರೇಟ್ ಡಿಟರ್ಮಿನಿಂಗ್ ಸ್ಟೆಪ್’ ಅಂತ ಪುಸ್ತಕದಲ್ಲಿ ಇರುತ್ತೆ.

ಮಗಳ ಪುಸ್ತಕದಲ್ಲಿ ಮುಂದೆ 2 ಇದ್ದೂ ಆರ್ಡರ್ 1 ಅಂತ ಕಂಡದ್ದು ಡೈನೈಟ್ರೋಜನ್ ಪೆಂಟಾಕ್ಸೈಡ್ ಒಡೆಯುವ ಕ್ರಿಯೆ ಇರಬೇಕು. ಅಲ್ಲೂ ಕಥೆ ಹೀಗೆಯೇ. ಆ 2 ಜಮಾ-ಖರ್ಚು ಸರಿದೂಗಿಸಲು ಬಂದದ್ದು. ವೇಗವನ್ನು ಹಿಡಿದಿರುವ ಹಂತದಲ್ಲಿ ಎರಡು ಅಣುಗಳು ಕೈಕೈ ಹಿಡಿದು ಬರಬೇಕಿಲ್ಲ.

ಆರ್ಡರ್ 1 ಇದ್ದರೆ ಒಂದು ಚಂದದ ಗುಣ ಇರುತ್ತೆ. ಅರ್ಧ ಆಗಲು ಹಿಡಿಯುವ ಹೊತ್ತು ಯಾವಾಗಲೂ ಒಂದೇ. ನೂರು ಐವತ್ತಾಗಲು ಎಷ್ಟು ದಿನವೋ, ಐವತ್ತು ಇಪ್ಪತ್ತೈದಾಗಲೂ ಅಷ್ಟೇ ದಿನ. ಲ್ಯಾಬಿನ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ನನಗೆ ಇದನ್ನು ಕಲಿಸಿತು. ಅದು ತಾನಾಗಿ ಮೆಲ್ಲಗೆ ನೀರು ಮತ್ತು ಆಕ್ಸಿಜನ್ ಆಗಿ ಒಡೆಯುತ್ತೆ. ಬೇಸಿಗೆ ರಜೆಗೆ ಮುಂಚೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ತಗಡಿನ ಚಾವಣಿ, ಫ್ಯಾನ್ ಇಲ್ಲ. ಜುಲೈನಲ್ಲಿ ತೆರೆದು ಆಲೂಗಡ್ಡೆ ಚೂರು ಹಾಕಿದರೆ ನಾಲ್ಕು ಗುಳ್ಳೆ. ಬಾಟಲಿಯಲ್ಲಿ ಉಳಿದದ್ದು ಹತ್ತಿರ ಹತ್ತಿರ ನೀರೇ. ಹೊಸ ಬಾಟಲಿಗೆ ಅದೇ ಚೂರು ಹಾಕಿದರೆ ನೊರೆ ಉಕ್ಕಿ ಮೇಜಿನ ಮೇಲೆ ಹರಿಯುತ್ತೆ.

ಪೆರಾಕ್ಸೈಡನ್ನು ಬೇಗ ಒಡೆಯುವ ಒಂದು ಕಿಣ್ವ ಆಲೂಗಡ್ಡೆಯಲ್ಲಿದೆ. ಅದು ಕ್ಯಾಟಲಿಸ್ಟ್, ಅಂದರೆ ಕ್ರಿಯಾವರ್ಧಕ. ಅದು ದಿಬ್ಬ ಹತ್ತಲು ಶಕ್ತಿ ಕೊಡುವುದಿಲ್ಲ. ಪಕ್ಕದಲ್ಲಿ ತಗ್ಗಿನ ಕಾಲುದಾರಿ ತೋರಿಸುತ್ತೆ. ಪೆರಾಕ್ಸೈಡ್ ತಾನಾಗಿ ಒಡೆಯಲು ದಿಬ್ಬ ಸುಮಾರು 75 ಕಿಲೋಜೂಲ್. ಚಿಟಿಕೆ ಪೊಟ್ಯಾಸಿಯಂ ಅಯೊಡೈಡ್ ಹಾಕಿದರೆ ಸುಮಾರು 56. ಕಡಿಮೆಯಾದದ್ದು ಬರೀ 19. ಉಳಿದದ್ದೆಲ್ಲ ಒಂದೇ ಅಂತ ಹಿಡಿದರೆ ವೇಗ ಎರಡು ಸಾವಿರ ಪಟ್ಟು! ಮತ್ತೆ ಅದೇ ಘಾತದ ಆಟ. ಆದರೆ ಕ್ಯಾಟಲಿಸ್ಟ್ ಆಗದ ಕ್ರಿಯೆಯನ್ನು ಆಗಿಸುವುದಿಲ್ಲ. ಆಗುವುದನ್ನು ಬೇಗ ಆಗಿಸುತ್ತೆ, ಅಷ್ಟೆ.

ಈಗ ಹಾಲು. ನಿಮ್ಮ ಊಹೆ ಅರ್ಧ ಸರಿ. ಹಾಲು ಕೆಡುವುದು ಒಂದು ಕ್ರಿಯೆಯಲ್ಲ, ಒಂದು ಸಂಸಾರ. ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಸಿಡ್ ಮಾಡುತ್ತವೆ, ಜೊತೆಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಬಿಸಿ ಏರಿದರೆ ಈ ಒಂದೊಂದು ದುಪ್ಪಟ್ಟಿಗೆ ಹಿಡಿಯುವ ಹೊತ್ತೇ ಕಡಿಮೆಯಾಗುತ್ತೆ. ಆರು ಗಂಟೆಯಲ್ಲಿ ಆರು ಸಲ ದುಪ್ಪಟ್ಟಾಗುವುದು ಹನ್ನೆರಡು ಸಲ ಆಯಿತು ಅನ್ನಿ. ಆಗ ಸಂಖ್ಯೆ 64 ಪಟ್ಟಲ್ಲ, 4,096 ಪಟ್ಟು. ಅದಕ್ಕೇ ಬೆಂಗಳೂರಿನ ನೆಂಟರು ‘ನಮ್ಮಲ್ಲಿ ಸಂಜೆವರೆಗೂ ಇರುತ್ತಲ್ಲ’ ಅಂದರೆ ಜಗಳ ಬೇಡ. ಇಬ್ಬರ ಮಾತೂ ಸರಿ.

ಇನ್ನೊಂದು ನೀವು ಕಂಡಿರುತ್ತೀರಿ. ಮಧ್ಯಾಹ್ನ ಹಾಲು ನೋಡಲು ಚೆನ್ನಾಗಿಯೇ ಇರುತ್ತೆ, ಒಲೆ ಮೇಲೆ ಇಟ್ಟ ತಕ್ಷಣ ಒಡೆಯುತ್ತೆ. ಸ್ವಲ್ಪ ಹುಳಿ ಮೊದಲೇ ಸೇರಿತ್ತು. ತಣ್ಣಗಿದ್ದಾಗ ಅಷ್ಟು ಹುಳಿಗೆ ಹಾಲು ತಡೆದುಕೊಂಡಿತ್ತು, ಕಾಯಿಸಿದಾಗ ತಡೆಯಲಿಲ್ಲ.

ಆದರೆ ಈ ಏರಿಕೆ ಕೊನೆಯಿಲ್ಲದ್ದಲ್ಲ. ಸುಡುಸುಡು ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಇನ್ನೂ ಬೇಗ ಆಗಬೇಕಲ್ಲ? ಆಗುವುದೇ ಇಲ್ಲ. ಹೆಪ್ಪಿನ ಜೀವಿಗಳು ಸಾಯುತ್ತವೆ, ಅವುಗಳ ಕಿಣ್ವಗಳ ಮಡಿಕೆ ಬಿಚ್ಚಿಹೋಗುತ್ತೆ. ಅರೇನಿಯಸ್ ಲೆಕ್ಕ ದಿಬ್ಬದ ಬಗ್ಗೆ ಹೇಳುತ್ತೆ, ದಾರಿಯೇ ಕುಸಿದರೆ ಅದರ ಹೊಣೆಯಲ್ಲ. ಬಿಸಿ ಮಾಡಿದರೆ ನಿಧಾನವಾಗುವ ಸಾದಾ ಕ್ರಿಯೆಗಳೂ ಉಂಟು. ನೈಟ್ರಿಕ್ ಆಕ್ಸೈಡ್ ಮತ್ತು ಆಕ್ಸಿಜನ್ ಸೇರುವುದು ಅಂಥದ್ದು. ಮಗಳಿಗೆ ಈಗಲೇ ಹೇಳಬೇಡಿ, ಪರೀಕ್ಷೆ ಮುಗಿಯಲಿ.

ಕೊನೆಯದಾಗಿ ನನ್ನದೇ ಒಂದು ಸಂಗತಿ. ಪಿಯುಸಿ ಪ್ರ್ಯಾಕ್ಟಿಕಲ್‌ನಲ್ಲಿ ಸೋಡಿಯಂ ಥಯೋಸಲ್ಫೇಟ್ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕುವ ಪ್ರಯೋಗ ಇದೆ. ಗಂಧಕ ಹುಡಿಯಾಗಿ ಬಿಟ್ಟು ನೀರು ಹಾಲಿನಂತಾಗುತ್ತೆ. ಫ್ಲಾಸ್ಕಿನ ಕೆಳಗೆ ಬಿಳಿ ಹಾಳೆ, ಅದರ ಮೇಲೆ ಒಂದು ಗುಣಾಕಾರ ಚಿಹ್ನೆ. ಮೇಲಿಂದ ನೋಡುತ್ತಾ ಇರಬೇಕು. ಚಿಹ್ನೆ ಮಾಯವಾದ ಕೂಡಲೇ ಸ್ಟಾಪ್‌ವಾಚ್ ಒತ್ತಬೇಕು.

ಒಂದು ಕಾಲೇಜಿನಲ್ಲಿ ಮೇ ತಿಂಗಳ ಸಪ್ಲಿಮೆಂಟರಿ ಪ್ರ್ಯಾಕ್ಟಿಕಲ್. ಕರೆಂಟಿಲ್ಲ. ಬಾಟಲಿಗಳೇ ಕೈಗೆ ಬೆಚ್ಚಗಿದ್ದವು. ಒಬ್ಬ ಹುಡುಗ ಮೊದಲ ರೀಡಿಂಗ್ 20 ಸೆಕೆಂಡ್ ಅಂತ ಬರೆದ. ಹೊರಗಿನಿಂದ ಬಂದ ಪರೀಕ್ಷಕರು ಲ್ಯಾಬಿನ ಹಳೆಯ ಮಾದರಿ ರೆಕಾರ್ಡ್ ತೆರೆದರು. ಅಲ್ಲಿ ಅದೇ ದ್ರಾವಣಕ್ಕೆ 60 ಸೆಕೆಂಡ್ ಇತ್ತು. ‘ಕಾಪಿ ಹೊಡೆಯಲೂ ಬರಲ್ಲ ಇವನಿಗೆ’ ಅಂತ ಕೆಂಪು ಗೆರೆ ಎಳೆದರು. ಹುಡುಗ ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನಿದ್ದೆ. ನನಗೂ ಅವನದೇ ತಪ್ಪು ಅನ್ನಿಸಿತ್ತು.

ಎಲ್ಲರೂ ಹೋದ ಮೇಲೆ ಮನಸ್ಸು ಕೇಳಲಿಲ್ಲ. ಉಳಿದ ದ್ರಾವಣಕ್ಕೆ ಥರ್ಮಾಮೀಟರ್ ಅದ್ದಿದೆ. 38 ಡಿಗ್ರಿ. ಮಾದರಿ ರೆಕಾರ್ಡ್ ತಿರುವಿದೆ. ಡಿಸೆಂಬರ್‌ನದು, ಮೂಲೆಯಲ್ಲಿ ಯಾರೋ 22 ಡಿಗ್ರಿ ಅಂತ ಬರೆದಿದ್ದರು. ಹದಿನಾರು ಡಿಗ್ರಿ ಏರಿಕೆಗೆ ವೇಗ ಮೂರು ಪಟ್ಟು. ಮಗಳು ಈ ಲೆಕ್ಕ ಮಾಡಲಿ: ಮೂರರ ನೈಸರ್ಗಿಕ ಲಾಗರಿದಮ್ 1.0986. ಅದನ್ನು 8.314ರಿಂದ ಗುಣಿಸಿ, 295ರಲ್ಲಿ ಒಂದು ಭಾಗದಿಂದ 311ರಲ್ಲಿ ಒಂದು ಭಾಗ ಕಳೆದು ಬಂದದ್ದರಿಂದ ಭಾಗಿಸಲಿ. ಸುಮಾರು 52,000 ಜೂಲ್ ಬರುತ್ತೆ, ಅಂದರೆ 52 ಕಿಲೋಜೂಲ್. ದುಪ್ಪಟ್ಟಿನ ದಿಬ್ಬಕ್ಕೆ ತೀರಾ ಹತ್ತಿರ. ಹುಡುಗ ಕಣ್ಣಾರೆ ಕಂಡದ್ದನ್ನೇ ಬರೆದಿದ್ದ.

ಅಷ್ಟರಲ್ಲಿ ಅಂಕಪಟ್ಟಿ ಲಕೋಟೆ ಸೇರಿ ಸೀಲಾಗಿತ್ತು. ಮುಂದಿನ ವರ್ಷದಿಂದ ನನ್ನ ಲ್ಯಾಬಿನ ರೀಡಿಂಗ್ ಟೇಬಲ್ಲಿಗೆ ಉಷ್ಣತೆಯ ಒಂದು ಕಾಲಂ ಸೇರಿಸಿದೆ. ನಿಮ್ಮ ಮಗಳ ರೆಕಾರ್ಡಿನಲ್ಲಿ ಆ ಕಾಲಂ ಇದೆಯಾ ನೋಡಿ. ಇಲ್ಲದಿದ್ದರೆ ಪೆನ್ಸಿಲಿನಲ್ಲಾದರೂ ಎಳೆದುಕೊಳ್ಳಲಿ.